ಕೂಗುವ ಫ್ಯಾನ್ ಏನು ಹೇಳುತ್ತದೆ?
(ಡೀಸೆಲ್ ಪಿಕಪ್ ಗಾಡಿ ಇಟ್ಟುಕೊಂಡಿರುವ ಸದಸ್ಯರಿಗೆ ಕೆಲವು ಮಾತು)



ನಮ್ಮ ಸಂಘದ ಸಭೆಗಳಲ್ಲಿ ಗೊಬ್ಬರದ ಬೆಲೆ, ಅಡಿಕೆಯ ಧಾರಣೆ, ಸಾಲದ ಬಡ್ಡಿ ಇವುಗಳ ಚರ್ಚೆ ಮುಗಿದ ಮೇಲೆ ಮಾತು ಗಾಡಿಯ ಕಡೆಗೆ ತಿರುಗುವುದು ವಾಡಿಕೆ. ಒಂದು ಕಾಲಕ್ಕೆ ಎತ್ತಿನ ಗಾಡಿಯ ಕೀಲೆಣ್ಣೆಯ ಮಾತಾಡುತ್ತಿದ್ದವರು ಇಂದು ಡೀಸೆಲ್ ಪಿಕಪ್ಪಿನ ಮಾತಾಡುತ್ತೇವೆ. ಮೂರು ನಾಲ್ಕು ಎಕರೆ ತೋಟದವನಿಗೂ ಪಿಕಪ್ ಇಲ್ಲದೆ ನಡೆಯುವುದಿಲ್ಲ. ಗೊಬ್ಬರ ತರಬೇಕು, ಹಸಿ ಅಡಿಕೆ ಸುಲಿಯುವ ಕಡೆಗೆ ಸಾಗಿಸಬೇಕು, ಒಣಗಿದ ಮೇಲೆ ಮಾರುಕಟ್ಟೆಗೆ ಒಯ್ಯಬೇಕು. ಮಲೆನಾಡಿನ ಕಡೆಯ ನಮ್ಮ ಕಾಫಿ ಬೆಳೆಗಾರರಿಗೆ ಕ್ಯೂರಿಂಗ್ ವರ್ಕ್ಸಿಗೆ ಮೂಟೆ ಮುಟ್ಟಿಸುವುದೂ ಇದೇ ಗಾಡಿ.

ಈ ಗಾಡಿಗಳ ಬಗ್ಗೆ ನಾನು ಹೆಚ್ಚಾಗಿ ಕೇಳುವ ದೂರು ಒಂದೇ. "ಇಂಜಿನ್ ಸದ್ದು ಪರವಾಗಿಲ್ಲ ಸಾರ್, ಈ ಫ್ಯಾನಿನ ಕೂಗು ತಡೆಯೋಕಾಗಲ್ಲ." ನಮ್ಮ ಸಂಘದ ಗಾಡಿಗೂ ಇದೇ ರೋಗ ಬಂದಿತ್ತು. ಅದಕ್ಕೆ ಮಾಡಿದ ತಪ್ಪು ಚಿಕಿತ್ಸೆ, ಆಮೇಲೆ ಕಲಿತ ಸರಿಯಾದ ಚಿಕಿತ್ಸೆ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ತಪ್ಪು ಚಿಕಿತ್ಸೆಯ ಬಿಲ್ಲಿಗೆ ಸಹಿ ಹಾಕಿದವನು ನಾನೇ ಆದ್ದರಿಂದ ಬರೆಯುವ ಹೊಣೆಯೂ ನನ್ನದೇ.

ಅಂಗಳದಲ್ಲಿ ನಡೆದದ್ದು

ಗುಬ್ಬಿ ಕಡೆಯ ಸದಸ್ಯರೊಬ್ಬರ ಮನೆಯ ಅಂಗಳದಲ್ಲಿ ನಮ್ಮ ಗಾಡಿ ಮೂಟೆ ತುಂಬಲು ಹಿಂದಕ್ಕೆ ಬರುತ್ತಿತ್ತು. ಫ್ಯಾನ್ ಬಿರುಗಾಳಿಯಂತೆ ಕೂಗುತ್ತಿತ್ತು. ಗಾಡಿಯ ಹಿಂದೆ ಅಡಿಕೆ ಬೇಯಿಸುವ ಹಂಡೆ, ಅದರ ಪಕ್ಕದಲ್ಲಿ ಅಡಿಕೆ ಆರಿಸುತ್ತ ಕುಳಿತಿದ್ದ ಹೆಂಗಸರು. "ನಿಲ್ಸಪ್ಪಾ, ನಿಲ್ಸು" ಎಂದು ಅವರು ಕೂಗಿದ್ದು ನಮ್ಮ ಚಾಲಕನಿಗೆ ಕೇಳಿಸಲೇ ಇಲ್ಲ. ಯಜಮಾನರು ಓಡಿಬಂದು ಬಾಗಿಲು ತಟ್ಟಿದ ಮೇಲೆ ಗಾಡಿ ನಿಂತಿತು. ಹಂಡೆಗೂ ಗಾಡಿಗೂ ಉಳಿದಿದ್ದ ಅಂತರ ಒಂದು ಮೊಳ. ಹಂಡೆಯಲ್ಲಿ ಅಡಿಕೆ ಕುದಿಯುತ್ತಿತ್ತು. ಮುಂದಿನದನ್ನು ನಾನು ವಿವರಿಸಬೇಕಾಗಿಲ್ಲ.

ಅಂದು ಸಂಜೆ ಚಾಲಕ ಕಚೇರಿಗೆ ಬಂದು ತಲೆ ತಗ್ಗಿಸಿ ನಿಂತ. "ಸಾರ್, ಗಾಡಿ ಒಳ್ಳೆ ಏರೋಪ್ಲೇನ್ ಥರ ಕೂಗ್ತೈತೆ. ಮನೆಗೋದ್ರೂ ಕಿವೀಲಿ ಅದೇ ಗುಂಯ್ ಅಂತೈತೆ. ಮನೆಯವ್ರು ಎರಡು ಸಲ ಕರದ್ರೂ ಕೇಳಿಸ್ತಿಲ್ಲ" ಎಂದ. ಈ ಮಾತನ್ನು ಅವನು ತಿಂಗಳುಗಟ್ಟಲೆ ಮೊದಲೇ ಹೇಳಿದ್ದ. ಗಾಡಿ ಓಡುತ್ತಿದೆಯಲ್ಲ, ಸದ್ದು ಇದ್ದರೆ ಇರಲಿ ಎಂದು ನಾವು ಸುಮ್ಮನಿದ್ದೆವು.

ಸದ್ದು ಹೋಯಿತು, ಇಂಜಿನ್ನೂ ಹೋಯಿತು

ಮರುದಿನವೇ ಗಾಡಿಯನ್ನು ಹತ್ತಿರದ ಒಬ್ಬ ರಿಪೇರಿಯವರಲ್ಲಿಗೆ ಕಳಿಸಿದೆವು. ಅವರು ಹಳೆಯ ಫ್ಯಾನ್ ತೆಗೆದು ಕಡಿಮೆ ರೆಕ್ಕೆಯ ಚಿಕ್ಕ ಫ್ಯಾನ್ ಹಾಕಿದರು. ಅದಕ್ಕೆ ಸುತ್ತಲಿನ ಪ್ಲಾಸ್ಟಿಕ್ ಕವರ್ ಹೊಂದಲಿಲ್ಲವೆಂದು ಅದನ್ನೂ ತೆಗೆದು ಬಿಸಾಕಿದರು. ಗಾಡಿ ಮದುವೆ ಮನೆಯ ಹೊಸ ಸೊಸೆಯಂತೆ ಮೆತ್ತಗಾಯಿತು. ನಾನು ಸಂತೋಷದಿಂದ ಬಿಲ್ಲು ಪಾಸು ಮಾಡಿದೆ.

ಮೂರು ವಾರ ಕಳೆಯಿತು. ಮಾರ್ಚ್ ತಿಂಗಳ ಬಿಸಿಲು. ಕುಣಿಗಲ್ ಮತ್ತು ಗುಬ್ಬಿ ಕಡೆಯ ಸದಸ್ಯರ ಅಡಿಕೆ ತುಂಬಿಕೊಂಡು ಗಾಡಿ ತುಮಕೂರು, ಶಿರಾ ಹಾದು ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಮಾರುಕಟ್ಟೆಗೆ ಹೊರಟಿತ್ತು. ಹಿರಿಯೂರು ದಾಟಿದ ಮೇಲೆ ಮುಂದೆ ಒಂದು ಭಾರದ ಲಾರಿ ಸಿಕ್ಕಿ, ಬಹಳ ಹೊತ್ತು ಅದರ ಹಿಂದೆ ನಿಧಾನವಾಗಿ ಏರಬೇಕಾಯಿತು. ಬಿಸಿಯ ಮುಳ್ಳು ಏರಿದ್ದನ್ನು ಚಾಲಕ ನೋಡುವ ಹೊತ್ತಿಗೆ ಬಾನೆಟ್ಟಿನಿಂದ ಹಬೆ ಬರುತ್ತಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹೆಡ್ ಬಿಚ್ಚಿ ಮಟ್ಟ ಮಾಡಿಸಬೇಕಾಯಿತು. ಮೂಟೆಗಳನ್ನು ಬೇರೆ ಗಾಡಿಗೆ ಬಾಡಿಗೆ ಕೊಟ್ಟು ಸಾಗಿಸಿದೆವು. ವಾರವಿಡೀ ಗಾಡಿ ಹಿರಿಯೂರಿನಲ್ಲೇ ಉಳಿಯಿತು. ಸದಸ್ಯರಿಗೆ ತಡವಾದದ್ದು ಬೇರೆ, ಸಂಘಕ್ಕೆ ಬಿದ್ದ ಖರ್ಚು ಬೇರೆ.

ಹಿರಿಯೂರಿನಲ್ಲಿ ಹಳೆಯ ಫ್ಯಾನನ್ನೇ ಮತ್ತೆ ಹಾಕಿಸಿದೆವು. ಚಾಲಕ ಅದನ್ನು ಗಾಡಿಯ ಹಿಂದೆ ಜೋಪಾನವಾಗಿ ಇಟ್ಟಿದ್ದು ಪುಣ್ಯ. ಫ್ಯಾನ್ ಬಂತು, ಅದರೊಡನೆ ಕೂಗೂ ಬಂತು. ಹಾಗೆ ಕೂಗುತ್ತಲೇ ತುಮಕೂರಿಗೆ ವಾಪಸಾದೆವು.

ಶಿರಾ ಗೇಟಿನ ಪಾಠ

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ರಸ್ತೆಯ ಬಾಯಲ್ಲಿರುವ ಶಿರಾ ಗೇಟ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಲ್ಲಿ ಒಬ್ಬ ಹಿರಿಯ ಮೇಸ್ತ್ರಿಯವರ ಬಳಿ ಗಾಡಿ ನಿಲ್ಲಿಸಿದೆವು. ಅವರು ಸ್ಪಾನರ್ ಕೈಗೆತ್ತಿಕೊಳ್ಳಲಿಲ್ಲ. ಗಾಡಿಯ ಮುಂದೆ ನಿಂತು ಸುಮ್ಮನೆ ಕೇಳಿದರು. ಆಮೇಲೆ ಇಂಜಿನ್ ಆರಿಸಿಸಿ, ಟಾರ್ಚ್ ಹಿಡಿದು ರೇಡಿಯೇಟರಿನ ಮುಂಭಾಗ ನೋಡಿದರು. ಜಾಲರಿಯ ಸಂದಿಯಿಂದ ಒಂದು ಚಿಟಿಕೆ ಕಸ ಕಿತ್ತು ನನ್ನ ಅಂಗೈಗೆ ಹಾಕಿದರು. ಅಡಿಕೆ ಸಿಪ್ಪೆಯ ನಾರು, ರಾಗಿ ಹೊಟ್ಟು, ಸತ್ತ ಹುಳ, ಕೆಂಪು ಮಣ್ಣು.

"ಫ್ಯಾನಿಗೆ ಏನೂ ಆಗಿಲ್ಲ ಸಾರ್. ಗಾಡಿಗೆ ಉಸಿರು ಕಟ್ಟಿದೆ. ಅದಕ್ಕೇ ಪಾಪ ಅದು ಕೂಗ್ತಿದೆ" ಎಂದರು.

ನಾನು ಹೇಳಬೇಕೆಂದಿರುವ ಮಾತೂ ಇಷ್ಟೆ. ಫ್ಯಾನಿನ ಕೂಗು ಹೆಚ್ಚಿನ ಸಂದರ್ಭಗಳಲ್ಲಿ ರೋಗವಲ್ಲ, ರೋಗದ ಸೂಚನೆ. ಫ್ಯಾನಿನ ಬಾಯಿ ಕಟ್ಟಿದರೆ ಸೂಚನೆ ನಿಲ್ಲುತ್ತದೆ, ರೋಗ ಉಳಿಯುತ್ತದೆ. ಅದು ಯಾಕೆ ಅಷ್ಟು ದುಡಿಯುತ್ತಿದೆ ಎಂದು ಕೇಳಿ ಆ ಕಾರಣವನ್ನು ತೆಗೆದರೆ ಸದ್ದು ತಾನಾಗಿ ಇಳಿಯುತ್ತದೆ.

ಫ್ಯಾನಿನ ಕೆಲಸವೇನು?

ಡೀಸೆಲ್ಲಿನಲ್ಲಿರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಬಿಸಿಯಾಗಿ ಹೊರಟುಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ಇಂಜಿನ್ನಿನ ಸುತ್ತ ಓಡಾಡುವ ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಗಾಡಿ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಎದುರುಗಾಳಿಯೇ ಬಹುಮಟ್ಟಿಗೆ ಈ ಕೆಲಸ ಮಾಡುತ್ತದೆ. ಗಾಡಿ ಭಾರ ಹೊತ್ತು ಏರು ಹತ್ತುವಾಗ, ಪೇಟೆಯಲ್ಲಿ ನಿಂತು ನಿಂತು ಸಾಗುವಾಗ, ತೋಟದ ದಾರಿಯಲ್ಲಿ ಮೊದಲ ಗೇರಿನಲ್ಲಿ ತೆವಳುವಾಗ ಎದುರುಗಾಳಿ ಇರುವುದಿಲ್ಲ. ಆಗ ಗಾಳಿ ಎಳೆಯುವ ಕೆಲಸ ಫ್ಯಾನಿನದು. ನಮ್ಮಂಥವರ ಗಾಡಿ ದಿನದ ಬಹುಪಾಲು ಓಡುವುದು ಇಂಥ ಕಡೆಯೇ. ಆದ್ದರಿಂದ ಫ್ಯಾನ್ ನಮಗೆ ಶೋಕಿಯ ವಸ್ತುವಲ್ಲ.

ಇನ್ನು ಸದ್ದಿನ ಲೆಕ್ಕ. ಇದನ್ನು ಕಾಲೇಜಿನಲ್ಲಿ ಓದಿದ್ದೆ, ಬಿಲ್ಲಿಗೆ ಸಹಿ ಹಾಕುವಾಗ ನೆನಪಾಗಲಿಲ್ಲ. ಫ್ಯಾನ್ ಎಳೆಯುವ ಗಾಳಿ ಅದರ ಸುತ್ತಿನ ವೇಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಆದರೆ ಅದು ತಿನ್ನುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ನಿಮಿಷಕ್ಕೆ 2000 ಸುತ್ತಿನಲ್ಲಿ 1 ಅಶ್ವಶಕ್ತಿ ತಿನ್ನುವ ಫ್ಯಾನ್ 4000 ಸುತ್ತಿನಲ್ಲಿ 8 ಅಶ್ವಶಕ್ತಿ ತಿನ್ನುತ್ತದೆ. ಗಾಳಿ ಎರಡರಷ್ಟು, ಡೀಸೆಲ್ ಎಂಟರಷ್ಟು! ಸದ್ದು ಇನ್ನೂ ಕಡಿದಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಸುಮಾರು 15 ಡೆಸಿಬೆಲ್ ಹೆಚ್ಚಳ. 10 ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಸದ್ದು ಎರಡರಷ್ಟಾದಂತೆ ತೋರುತ್ತದೆ ಎಂಬುದನ್ನು ನೆನಪಿಡಿ.

ಇದೇ ಲೆಕ್ಕವನ್ನು ತಿರುಗಿಸಿ ನೋಡೋಣ. ಫ್ಯಾನಿನ ವೇಗ 20 ಭಾಗ ಕಡಿಮೆಯಾದರೆ ಸುಮಾರು 5 ಡೆಸಿಬೆಲ್ ಸದ್ದು ಇಳಿಯುತ್ತದೆ, ತಿನ್ನುವ ಶಕ್ತಿ ಅರ್ಧಕ್ಕೆ ಬರುತ್ತದೆ. ಹಾಗಾಗಿ ಅಗತ್ಯವಿಲ್ಲದಾಗ ಫ್ಯಾನನ್ನು ನಿಧಾನಿಸುವುದೇ ಸದ್ದು ತಗ್ಗಿಸುವ ನೇರ ದಾರಿ. ಈ ಕೆಲಸಕ್ಕೆಂದೇ ಗಾಡಿ ತಯಾರಿಸಿದವರು ಒಂದು ಸಾಧನ ಕೊಟ್ಟಿರುತ್ತಾರೆ.

ವಿಸ್ಕಸ್ ಕಪ್ಲಿಂಗ್

ಬಹಳಷ್ಟು ಡೀಸೆಲ್ ಪಿಕಪ್‌ಗಳಲ್ಲಿ ಫ್ಯಾನಿನ ನಡುವೆ ದಪ್ಪ ಬಿಲ್ಲೆಯಂಥ ಅಲ್ಯುಮಿನಿಯಂ ಡಬ್ಬಿ ಕಾಣುತ್ತದೆ. ಇದೇ ವಿಸ್ಕಸ್ ಕಪ್ಲಿಂಗ್. ಒಳಗೆ ಮಂದವಾದ ಸಿಲಿಕೋನ್ ಎಣ್ಣೆ ಇರುತ್ತದೆ. ಮುಂಭಾಗದಲ್ಲಿ ಎರಡು ಲೋಹ ಬೆಸೆದ ಒಂದು ಸಣ್ಣ ಪಟ್ಟಿ ಅಥವಾ ಸುರುಳಿ. ರೇಡಿಯೇಟರ್ ದಾಟಿ ಬರುವ ಗಾಳಿ ನಿಗದಿತ ಮಟ್ಟಕ್ಕಿಂತ ಬಿಸಿಯಾದರೆ ಆ ಪಟ್ಟಿ ಬಾಗಿ ಒಳಗಿನ ಕವಾಟ ತೆರೆಯುತ್ತದೆ. ಎಣ್ಣೆ ತಟ್ಟೆಗಳ ನಡುವೆ ಹರಿದು ಫ್ಯಾನನ್ನು ಬಿಗಿಯಾಗಿ ಹಿಡಿಯುತ್ತದೆ. ಗಾಳಿ ತಣ್ಣಗಾದರೆ ಎಣ್ಣೆ ವಾಪಸಾಗಿ ಹಿಡಿತ ಸಡಿಲುತ್ತದೆ, ಫ್ಯಾನ್ ನಿಧಾನವಾಗುತ್ತದೆ.

ಆದ್ದರಿಂದ ಮುಂಜಾನೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಕೂಗಿ ಆಮೇಲೆ ಮೆತ್ತಗಾದರೆ ಹೆದರಬೇಕಾಗಿಲ್ಲ. ರಾತ್ರಿಯಿಡೀ ಗಾಡಿ ನಿಂತಾಗ ಎಣ್ಣೆ ತಟ್ಟೆಗಳ ನಡುವೆ ಸೇರಿರುತ್ತದೆ, ಅಷ್ಟೆ. ಏರಿನಲ್ಲಿ ಭಾರ ಎಳೆಯುವಾಗ ಕೂಗಿ, ಇಳಿಜಾರು ಸಿಕ್ಕಮೇಲೆ ಸುಮ್ಮನಾದರೂ ಅದು ಧರ್ಮ ಪಾಲಿಸುತ್ತಿದೆ ಎಂದೇ ಅರ್ಥ. ಖಾಲಿ ಗಾಡಿ, ತಂಪು ಹೊತ್ತು, ಸಮತಟ್ಟು ರಸ್ತೆ, ಆಗಲೂ ಎಡೆಬಿಡದೆ ಕೂಗಿದರೆ ಮಾತ್ರ ಪರೀಕ್ಷೆ ಮಾಡಬೇಕು.

ಮೊದಲು ಸದ್ದು ಯಾವುದೆಂದು ತಿಳಿಯಿರಿ

ಫ್ಯಾನಿನ ಸದ್ದು ಗಾಳಿಯ ಭೋರ್ಗರೆತ. ಅದು ಇಂಜಿನ್ನಿನ ಸುತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಗೇರ್ ಬದಲಿಸಿ ಆಕ್ಸಿಲರೇಟರ್ ಬಿಟ್ಟರೂ ಗಾಡಿಯ ವೇಗಕ್ಕೆ ತಕ್ಕಂತೆಯೇ ಸದ್ದು ಮುಂದುವರಿದರೆ ಅದು ಟೈರಿನದೋ ಡಿಫರೆನ್ಷಿಯಲ್ಲಿನದೋ ಆಗಿರಬಹುದು. ಕೀಚಲು ದನಿಯಾದರೆ ಬೆಲ್ಟು. ಕಲ್ಲು ಅರೆದಂತೆ ಗರಗರ ಎಂದರೆ ವಾಟರ್ ಪಂಪಿನ ಅಥವಾ ಆಲ್ಟರ್ನೇಟರಿನ ಬೇರಿಂಗ್. ಸೈಲೆನ್ಸರ್ ತೂತಾದರೆ ಬುಡುಬುಡು ಸದ್ದು.

ಸಂಶಯ ಉಳಿದರೆ ಮೇಸ್ತ್ರಿಗಳು ಮಾಡುವ ಒಂದು ಪರೀಕ್ಷೆ ಇದೆ. ತಣ್ಣಗಿರುವ ಇಂಜಿನ್ನಿನ ಬೆಲ್ಟ್ ಬಿಚ್ಚಿ, ನಿಂತಲ್ಲೇ ಅರ್ಧ ನಿಮಿಷ ಮಾತ್ರ ಓಡಿಸಿ ನೋಡುವುದು. ಸದ್ದು ಮಾಯವಾದರೆ ತಪ್ಪು ಬೆಲ್ಟಿನಿಂದ ತಿರುಗುವ ಭಾಗಗಳಲ್ಲಿದೆ. ಬೆಲ್ಟ್ ಇಲ್ಲದಾಗ ನೀರೂ ಹರಿಯುವುದಿಲ್ಲ, ಆದ್ದರಿಂದ ಅರ್ಧ ನಿಮಿಷ ಮೀರಬಾರದು. ಇದನ್ನು ತಿಳಿದವರ ಕೈಲೇ ಮಾಡಿಸಿ.

ಸದ್ದು ಫ್ಯಾನಿನದೇ ಎಂದು ಖಚಿತವಾದರೆ ಈ ಕೆಳಗಿನ ಕ್ರಮದಲ್ಲಿ ನೋಡಿಕೊಂಡು ಬನ್ನಿ. ಕಡಿಮೆ ಖರ್ಚಿನದು ಮೊದಲು, ಹೆಚ್ಚಿನದು ಕೊನೆಗೆ. ಎಲ್ಲಕ್ಕೂ ಮೊದಲು ಒಂದು ಎಚ್ಚರಿಕೆ: ಇಂಜಿನ್ ಓಡುವಾಗ ಫ್ಯಾನಿನ ಹತ್ತಿರ ಕೈ, ಟವೆಲ್, ಪಂಚೆಯ ತುದಿ ಯಾವುದೂ ಹೋಗಬಾರದು. ಬೆಲ್ಟಿನ ಬದಲು ಕರೆಂಟಿನಿಂದ ತಿರುಗುವ ಫ್ಯಾನ್ ಇರುವ ಗಾಡಿಗಳೂ ಇವೆ. ಅಂಥದ್ದು ಇಂಜಿನ್ ಆರಿಸಿದ ಮೇಲೂ ತಟ್ಟನೆ ತಿರುಗಬಹುದು. ಬ್ಯಾಟರಿಯ ತಂತಿ ಕಳಚಿಯೇ ಕೈ ಹಾಕಬೇಕು.

1. ರೇಡಿಯೇಟರಿನ ಹೊರಮೈ

ನಮ್ಮ ಕಸುಬಿನವರ ಗಾಡಿಗೆ ಇದೇ ಮೊದಲ ಶತ್ರು. ಅಡಿಕೆ ನಾರು, ಕಾಫಿ ಹೊಟ್ಟು, ರಾಗಿ ಹುಲ್ಲಿನ ದೂಳು ಜಾಲರಿಯಲ್ಲಿ ಕೂತು ಮಳೆಯ ಕೆಸರಿನೊಡನೆ ಗಾರೆಯಂತೆ ಗಟ್ಟಿಯಾಗುತ್ತವೆ. ಗಾಳಿ ನುಗ್ಗುವುದಿಲ್ಲ, ನೀರು ತಣಿಯುವುದಿಲ್ಲ, ಕಪ್ಲಿಂಗ್ ಹಿಡಿತ ಬಿಡುವುದಿಲ್ಲ, ಫ್ಯಾನ್ ಕೂಗುವುದನ್ನು ನಿಲ್ಲಿಸುವುದಿಲ್ಲ. ಇಂಜಿನ್ ಪೂರ್ತಿ ಆರಿದ ಮೇಲೆ ಸಣ್ಣ ಧಾರೆಯ ನೀರನ್ನು ಇಂಜಿನ್ ಕಡೆಯಿಂದ ಮುಂಭಾಗದ ಕಡೆಗೆ ಹಾಯಿಸಿ. ಕಸ ಬಂದ ದಾರಿಯಲ್ಲೇ ಹಿಂದಿರುಗಬೇಕು. ಮುಂದಿನಿಂದ ಹೊಡೆದರೆ ಇನ್ನೂ ಒಳಗೆ ಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನ ಜೋರು ಧಾರೆಯನ್ನು ಹತ್ತಿರದಿಂದ ಹಿಡಿದರೆ ತೆಳು ಜಾಲರಿ ಮಡಚಿಕೊಂಡು ದಾರಿಯೇ ಮುಚ್ಚುತ್ತದೆ. ಎಸಿ ಇರುವ ಗಾಡಿಯಲ್ಲಿ ರೇಡಿಯೇಟರಿನ ಮುಂದೆ ಇನ್ನೊಂದು ಜಾಲರಿ ಇರುತ್ತದೆ. ಎರಡರ ನಡುವಿನ ಸಂದಿಯಲ್ಲಿ ಸೇರಿದ ಕಸ ಹೊರಗಿನಿಂದ ಕಾಣುವುದೇ ಇಲ್ಲ, ಅಲ್ಲಿಗೂ ಟಾರ್ಚ್ ಹಾಕಿ ನೋಡಿ.

ಗಾಡಿಯ ಮುಂದೆ ಅಲಂಕಾರಕ್ಕೆ ಕಟ್ಟಿದ ದಪ್ಪ ಬೋರ್ಡು, ರೆಕ್ಸಿನ್ ಹೊದಿಕೆ ಗಾಳಿಗೆ ಅಡ್ಡವಾಗಿದ್ದರೆ ಅವನ್ನೂ ತೆಗೆಯಿರಿ. ದೇವರ ಹೆಸರು ಗಾಜಿನ ಮೇಲಿದ್ದರೂ ಸಾಕು.

2. ಫ್ಯಾನಿನ ಕವರ್

ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಅಥವಾ ತಗಡಿನ ಕವರ್ ಕೇವಲ ಕೈಗೆ ಏಟಾಗದಿರಲಿ ಎಂದು ಇಟ್ಟದ್ದಲ್ಲ. ಅದು ಇದ್ದರೆ ಫ್ಯಾನ್ ರೇಡಿಯೇಟರಿನ ಇಡೀ ಅಗಲದಿಂದ ಗಾಳಿ ಎಳೆಯುತ್ತದೆ. ಇಲ್ಲದಿದ್ದರೆ ರೆಕ್ಕೆಯ ತುದಿಯಲ್ಲಿ ಬಿಸಿ ಗಾಳಿ ಸುತ್ತಿ ಸುತ್ತಿ ಅಲ್ಲೇ ಹಿಂದಿರುಗುತ್ತದೆ. ಸದ್ದು ಬಹಳ, ಕೆಲಸ ಕಡಿಮೆ. ರೆಕ್ಕೆಯ ಅಗಲದಲ್ಲಿ ಅರ್ಧದಿಂದ ಮೂರರಲ್ಲಿ ಎರಡು ಪಾಲು ಕವರಿನ ಒಳಗಿರಬೇಕು. ತುದಿಗೂ ಕವರಿಗೂ ಸುತ್ತ ಸಮನಾದ ಅಂತರ ಇರಬೇಕು. ಒಂದು ಕಡೆ ತಾಕುವಷ್ಟು ಹತ್ತಿರ, ಇನ್ನೊಂದು ಕಡೆ ದೂರ ಇದ್ದರೆ ಇಂಜಿನ್ ಕೂರಿಸಿದ ರಬ್ಬರ್ ಮೌಂಟಿಂಗ್ ಕುಸಿದಿದೆಯೇ ನೋಡಿ. ಒಡೆದ ಕವರಿಗೆ ತಂತಿ ಬಿಗಿದು ಕಾಲ ತಳ್ಳಬೇಡಿ. ರೇಡಿಯೇಟರಿನ ಅಂಚಿನ ರಬ್ಬರ್ ಪಟ್ಟಿಗಳನ್ನೂ ಕಿತ್ತು ಬಿಸಾಡಬೇಡಿ. ಬಿಸಿ ಗಾಳಿ ಮತ್ತೆ ಮುಂದೆ ಬಾರದಂತೆ ತಡೆಯುವುದು ಅವೇ.

3. ಕಪ್ಲಿಂಗಿನ ಪರೀಕ್ಷೆ

ಇಂಜಿನ್ ಆರಿಸಿ, ಕೀಲಿ ಕೈಯಲ್ಲಿಟ್ಟುಕೊಂಡು, ತಣ್ಣಗಾದ ಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಿ. ಜೇನಿನಲ್ಲಿ ಚಮಚ ತಿರುಗಿಸಿದಂಥ ಹದವಾದ ತಡೆ ಇದ್ದರೆ ಸರಿ. ಒಂದು ಸಲ ತಳ್ಳಿದರೆ ಗಿರಗಟ್ಲೆಯಂತೆ ಹಲವು ಸುತ್ತು ತಿರುಗಿದರೆ ಎಣ್ಣೆ ಸೋರಿಹೋಗಿದೆ. ಅಂಥ ಗಾಡಿ ಕೂಗುವುದಿಲ್ಲ, ಏರಿನಲ್ಲಿ ಕುದಿಯುತ್ತದೆ. ಈ ಮೌನವೇ ಹೆಚ್ಚು ಅಪಾಯಕಾರಿ. ಕಪ್ಲಿಂಗ್ ಕಲ್ಲಿನಂತೆ ಹಿಡಿದುಕೊಂಡು ಬೆಲ್ಟನ್ನೂ ಎಳೆದುಕೊಂಡೇ ತಿರುಗಿದರೆ ಅದು ಜಾಮ್ ಆಗಿದೆ. ಅಂಥದ್ದು ಹಗಲೂ ರಾತ್ರಿ ಕೂಗುತ್ತದೆ, ಡೀಸೆಲ್ಲನ್ನೂ ತಿನ್ನುತ್ತದೆ. ನಡುವಿನಿಂದ ಹೊರಕ್ಕೆ ಚಿಮ್ಮಿದ ಕಪ್ಪು ಎಣ್ಣೆಯ ಗೆರೆ ಕಂಡರೂ, ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಆಟ ಬಂದರೂ ಕಪ್ಲಿಂಗ್ ಬದಲಿಸುವುದು ಲೇಸು.

ಬಿಚ್ಚುವಾಗ ಎರಡು ಮಾತು. ಕೆಲವು ಗಾಡಿಗಳಲ್ಲಿ ಇದರ ನಟ್ಟಿನ ತಿರುಪು ಉಲ್ಟಾ ಇರುತ್ತದೆ, ತಿಳಿಯದೆ ಬಲ ಹಾಕಿದರೆ ಪಂಪೇ ಮುರಿಯುತ್ತದೆ. ಬಿಚ್ಚಿದ ಕಪ್ಲಿಂಗನ್ನು ಗಾಡಿಯಲ್ಲಿದ್ದಂತೆಯೇ ನೆಟ್ಟಗೆ ನಿಲ್ಲಿಸಿಡಬೇಕು. ತಟ್ಟೆಯಂತೆ ಮಲಗಿಸಿದರೆ ಎಣ್ಣೆ ಬೇರಿಂಗಿನ ಕಡೆ ಸೋರಬಹುದು.

4. ರೆಕ್ಕೆ, ಬೆಲ್ಟ್, ಪಂಪು

ರೆಕ್ಕೆಯ ತುದಿ ಒಡೆದಿದ್ದರೆ, ಸೀಳು ಬಿಟ್ಟಿದ್ದರೆ ಫ್ಯಾನ್ ಬದಲಿಸಲೇಬೇಕು. ಮಿನಿಟಿಗೆ ಸಾವಿರಾರು ಸುತ್ತು ತಿರುಗುವಾಗ ಒಂದು ರೆಕ್ಕೆ ಹಾರಿದರೆ ರೇಡಿಯೇಟರನ್ನು ಸೀಳಿಬಿಡುತ್ತದೆ. ಬಾನೆಟ್ ತೆರೆದು ನಿಂತವರ ಪ್ರಾಣಕ್ಕೂ ಅಪಾಯ. ಕೆಲವು ಸಲ ರಿಪೇರಿಯಲ್ಲಿ ಫ್ಯಾನನ್ನು ಹಿಂದುಮುಂದಾಗಿ ಹಾಕಿಬಿಡುತ್ತಾರೆ. ಆಗಲೂ ಗಾಳಿ ಅದೇ ದಿಕ್ಕಿಗೆ ಹೋಗುವುದರಿಂದ ತಪ್ಪು ಗೊತ್ತಾಗುವುದಿಲ್ಲ, ಆದರೆ ಗಾಳಿ ಕಡಿಮೆ, ಸದ್ದು ಹೆಚ್ಚು. ಹೊಸ ಫ್ಯಾನುಗಳ ರೆಕ್ಕೆಗಳ ನಡುವಿನ ಅಂತರ ಒಂದೇ ಸಮನಾಗಿಲ್ಲವೆಂದು ಕೆಲವರು ವಾಪಸ್ ಕೊಡಲು ಹೋಗುತ್ತಾರೆ. ಅದು ತಯಾರಿಕೆಯ ದೋಷವಲ್ಲ. ಸಮನಾಗಿದ್ದರೆ ಸದ್ದೆಲ್ಲ ಒಂದೇ ಸ್ವರದಲ್ಲಿ ಸೇರಿ ಕೊರೆಯುತ್ತದೆ. 7 ರೆಕ್ಕೆಯ ಫ್ಯಾನ್ 3000 ಸುತ್ತಿನಲ್ಲಿದ್ದರೆ ಕ್ಷಣಕ್ಕೆ 350 ಸಲ ಗಾಳಿಯನ್ನು ಕಡಿಯುತ್ತದೆ. ಅಂತರ ಬೇರೆ ಬೇರೆಯಾದರೆ ಆ ಒಂದು ಸ್ವರ ಹರಡಿ ಕಿವಿಗೆ ಹಗುರಾಗುತ್ತದೆ.

ಬೆಲ್ಟ್ ಸಡಿಲವಾದರೆ ಕೀಚಲು ಸದ್ದು ಬರುತ್ತದೆ, ಪಂಪೂ ಸರಿಯಾಗಿ ತಿರುಗುವುದಿಲ್ಲ. ಅತಿ ಬಿಗಿಯಾದರೆ ಪಂಪಿನ ಬೇರಿಂಗ್ ಸವೆಯುತ್ತದೆ. ಹಳೆಯ ಮಾದರಿಯ ವಿ ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲದ ಆಸುಪಾಸು ಬಗ್ಗಬೇಕು.

5. ನೀರು, ಮುಚ್ಚಳ, ಥರ್ಮೋಸ್ಟಾಟ್

ನಮ್ಮ ಜಿಲ್ಲೆಯ ಕೊಳವೆ ಬಾವಿಗಳ ನೀರು ಎಷ್ಟು ಗಡಸು ಎಂಬುದು ಕಾಯಿಸುವ ಪಾತ್ರೆಯ ತಳ ನೋಡಿದವರಿಗೆಲ್ಲ ಗೊತ್ತು. ಅದೇ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಹೊರಗೆ ಎಷ್ಟು ತೊಳೆದರೂ ಒಳಗೆ ಸುಣ್ಣ ಕಟ್ಟಿದರೆ ಫ್ಯಾನ್ ಕೂಗುವುದು ತಪ್ಪದು. ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ಹಾಕಿ. ಬೆರೆಸಬೇಕಾದದ್ದಾದರೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ, ಸಾಮಾನ್ಯವಾಗಿ ಸಮಪಾಲಾಗಿ ಬೆರೆಸಬೇಕು. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಕೂಲೆಂಟ್ ಯಾಕೆ ಎಂದು ಕೇಳುವವರಿದ್ದಾರೆ. ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ.

ರೇಡಿಯೇಟರಿನ ಮುಚ್ಚಳವನ್ನು ಹಗುರವಾಗಿ ಕಾಣಬೇಡಿ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ತುಮಕೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕಾಫಿ ಬೆಳೆಯುವ ಎತ್ತರದ ಸೀಮೆಯಲ್ಲಿ ಇನ್ನೂ ಕಡಿಮೆಗೆ. ಒತ್ತಡ ಹಿಡಿಯುವ ಒಳ್ಳೆಯ ಮುಚ್ಚಳ ಇದ್ದರೆ ಅದೇ ನೀರು 115 ಡಿಗ್ರಿಯವರೆಗೂ ಕುದಿಯದೆ ನಿಲ್ಲುತ್ತದೆ. ರಬ್ಬರ್ ಸವೆದ ಮುಚ್ಚಳ ಚಿಕ್ಕ ಖರ್ಚಿನಲ್ಲಿ ಬದಲಾಗುತ್ತದೆ. ಬಿಸಿ ಇರುವಾಗ ಮಾತ್ರ ಅದನ್ನು ಎಂದೂ ತೆರೆಯಬೇಡಿ. ಹೀಗೆ ತೆರೆಯಲು ಹೋಗಿ ಮುಖ ಸುಟ್ಟುಕೊಂಡವರಿದ್ದಾರೆ.

ಥರ್ಮೋಸ್ಟಾಟ್ ತೆಗೆದುಹಾಕಿದರೆ ಗಾಡಿ ತಂಪಾಗಿರುತ್ತದೆಂಬ ನಂಬಿಕೆ ಗ್ಯಾರೇಜುಗಳಲ್ಲಿ ಹಳೆಯದು. ಇಂಜಿನ್ ಸುಮಾರು 80ರಿಂದ 90 ಡಿಗ್ರಿ ಬಿಸಿಯಲ್ಲಿ ಓಡುವಂತೆ ಮಾಡಿದ್ದು. ತಣ್ಣಗೆ ಓಡಿದರೆ ಡೀಸೆಲ್ ಹೆಚ್ಚು ತಿನ್ನುತ್ತದೆ, ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿ ಹಿಡಿದು ಇನ್ನಷ್ಟು ಬಿಸಿಯಾಗುತ್ತದೆ.

ಮಾಡಬಾರದ್ದು

ರೆಕ್ಕೆ ಕತ್ತರಿಸಬಾರದು. ತೂಕ ತಪ್ಪಿದ ಫ್ಯಾನ್ ಪಂಪಿನ ಬೇರಿಂಗನ್ನು ಕೊಲ್ಲುತ್ತದೆ. ಅಳತೆಗೆ ಹೊಂದದ ಫ್ಯಾನ್ ಹಾಕಬಾರದು. ಕವರ್ ತೆಗೆಯಬಾರದು. ಬಾನೆಟ್ಟಿನ ಒಳಮೈಗೆ ಗಾಡಿಯವರು ಕೊಟ್ಟ ಹೊದಿಕೆ ಹರಿದಿದ್ದರೆ ಅದೇ ಬಗೆಯದನ್ನು ಹಾಕಿಸಬಹುದು. ಆದರೆ ಸದ್ದು ತಡೆಯಲೆಂದು ಗೋಣಿ, ಸ್ಪಂಜು ತುರುಕಿದರೆ ಬೆಂಕಿ ಹತ್ತುವ ಭಯವಿದೆ.

ಬೆಲ್ಟಿನ ಫ್ಯಾನ್ ಕಿತ್ತು ಕರೆಂಟಿನ ಫ್ಯಾನ್ ಹಾಕಿಸಿದರೆ ಹೇಗೆ ಎಂದು ಯುವಕರು ಕೇಳುತ್ತಾರೆ. ಕಾರುಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಮೊದಲಿನಿಂದಲೇ ಹಾಗೆ ರೂಪಿಸಿದ ಗಾಡಿಗೆ ಚಿಂತೆಯಿಲ್ಲ. ಆದರೆ ಭಾರ ಹೊತ್ತು ಘಾಟಿ ಹತ್ತುವ ಪಿಕಪ್ಪಿಗೆ ಹೊರಗಿನಿಂದ ತಂದ ಫ್ಯಾನ್ ಸಾಕಷ್ಟು ಗಾಳಿ ಎಳೆಯದಿರಬಹುದು. ಆಲ್ಟರ್ನೇಟರ್, ವೈರು, ರಿಲೇ ಎಲ್ಲವೂ ಆ ಹೊರೆ ತಡೆಯಬೇಕು. ಒಂದು ಫ್ಯೂಸ್ ಹೋದರೂ ಗಾಡಿ ದಾರಿಯಲ್ಲಿ ಕುದಿಯುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಮಾದರಿಯ ಗಾಡಿಗಳಲ್ಲಿ ಇಂಜಿನ್ನಿನ ಕೆಲಸವನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅವುಗಳಲ್ಲಿ ಇಂಥ ಬದಲಾವಣೆಗೆ ಕೈ ಹಾಕದಿರುವುದೇ ಒಳ್ಳೆಯದು.

ಓಡಿಸುವವರ ಕೈಯಲ್ಲಿರುವುದೂ ಇದೆ. ಫ್ಯಾನ್ ಇಂಜಿನ್ನಿನ ಜೊತೆ ತಿರುಗುವುದರಿಂದ ಅಗತ್ಯಕ್ಕಿಂತ ಕೆಳ ಗೇರಿನಲ್ಲಿ ಇಂಜಿನ್ ಅರಚಿಸಿದರೆ ಫ್ಯಾನೂ ಅರಚುತ್ತದೆ. ಏರು ಹತ್ತಿಳಿದ ಮೇಲೆ ಒಡನೆ ಆರಿಸದೆ ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಡಿ. ಮಿತಿ ಮೀರಿದ ಭಾರವಂತೂ ಎಲ್ಲ ರೋಗಗಳ ತಾಯಿ.

ಕಿವಿಯ ಮಾತು

ಸದ್ದು ಬರೀ ಕಿರಿಕಿರಿ ಎಂದು ನಾನು ತಿಳಿದಿದ್ದೆ. ದಿನಕ್ಕೆ 8 ಗಂಟೆ ಕೆಲಸ ಮಾಡುವವರಿಗೆ 85 ಡೆಸಿಬೆಲ್ ಮೀರಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಅದರ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಅವಧಿ ಅರ್ಧವಾಗಬೇಕು. ಅಂದರೆ 88 ಡೆಸಿಬೆಲ್ಲಿಗೆ 4 ಗಂಟೆ. ಹೀಗೆ ನಿಧಾನವಾಗಿ ಹೋದ ಶ್ರವಣಶಕ್ತಿ ಮತ್ತೆ ಬರುವುದಿಲ್ಲ. ಬೇರಿಂಗ್ ಬದಲಿಸಿದಂತೆ ಕಿವಿ ಬದಲಿಸಲಾಗದು. ನಮ್ಮ ದೇಶದಲ್ಲಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಎಂದು ಮಟ್ಟ ನಿಗದಿ ಮಾಡಿವೆ. ಮುಂಜಾನೆ 4 ಗಂಟೆಗೆ ಮಾರುಕಟ್ಟೆಗೆ ಹೊರಡುವ ನಾವು ಊರಿನ ನಿದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೆ?

ಕೊನೆಯ ಮಾತು

ಶಿರಾ ಗೇಟಿನಲ್ಲಿ ಅಂದು ನಡೆದದ್ದು ಇಷ್ಟು. ರೇಡಿಯೇಟರ್ ಇಳಿಸಿ ಎರಡು ಮೈಯನ್ನೂ ತೊಳೆದರು. ಹೊಸ ಕವರ್ ತರಿಸಿ ಕೂರಿಸಿದರು. ಮುಚ್ಚಳ, ಬೆಲ್ಟ್ ಬದಲಿಸಿ ಹೊಸ ಕೂಲೆಂಟ್ ತುಂಬಿದರು. ಫ್ಯಾನೂ ಕಪ್ಲಿಂಗೂ ಹಳೆಯವೇ ಉಳಿದವು. ವಾಪಸ್ ಬರುವಾಗ ಗುಬ್ಬಿ ರಸ್ತೆಯಲ್ಲಿ ಚಾಲಕ ಕಿಟಕಿ ಇಳಿಸಿ, ನಾನು ಹೇಳಿದ್ದಕ್ಕೆಲ್ಲ ಮೊದಲ ಸಲಕ್ಕೇ ಉತ್ತರ ಕೊಟ್ಟ. ಈಗಲೂ ಏರಿನಲ್ಲಿ ಫ್ಯಾನ್ ಒಮ್ಮೊಮ್ಮೆ ಕೂಗುತ್ತದೆ. "ಕೆಲ್ಸ ಮಾಡ್ತೈತೆ ಬಿಡಿ ಸಾರ್" ಎನ್ನುತ್ತಾನೆ. ಅವನನ್ನು ಕಿವಿಯ ವೈದ್ಯರಲ್ಲಿಗೂ ಕಳಿಸಿದೆವು. ಸ್ವಲ್ಪ ನಷ್ಟ ಆಗಿದೆ, ಇನ್ನು ಮುಂದೆ ಕಾಪಾಡಿಕೊಳ್ಳಬೇಕು ಎಂದಿದ್ದಾರೆ. ಅವನು ಮೊದಲು ಹೇಳಿದ ದಿನವೇ ನಾನು ಟಾರ್ಚ್ ಹಿಡಿದು ಬಗ್ಗಿ ನೋಡಿದ್ದರೆ ಆ ನಷ್ಟವಾದರೂ ಕಡಿಮೆಯಾಗುತ್ತಿತ್ತು.

ಸದಸ್ಯರಲ್ಲಿ ನನ್ನ ವಿನಂತಿ: ಕೊಯ್ಲು ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ನಿಮ್ಮ ಗಾಡಿಯ ರೇಡಿಯೇಟರ್ ನೋಡಿ. ಗಾಡಿ ಓಡಿಸುವವರು ಸದ್ದಿನ ಬಗ್ಗೆ ದೂರಿದರೆ ಅಂದೇ ಕಿವಿಗೊಡಿ. ಫ್ಯಾನಾಗಲಿ ಮನುಷ್ಯನಾಗಲಿ ಸುಮ್ಮಸುಮ್ಮನೆ ಕೂಗುವುದಿಲ್ಲ.